ಹಾಲೆಂಡಿಗೆ ಹೋದ ತಂಗಿಯ ಚರ್ಮ

ಪಾಂಡವಪುರ

ಚರ್ಮದ ಡಾಕ್ಟರಿಗೇ ಇಸುಬು ಇದ್ದರೆ ಅವನ ಹತ್ತಿರ ಯಾರು ಬರುತ್ತಾರೆ ಎಂದು ನೀವು ಕೇಳಬಹುದು. ಪಾಂಡವಪುರದವರು ಬರುತ್ತಾರೆ. ಬಂದು ಕುಳಿತು, ನಾನು ಅವರ ಕೈ ನೋಡುವ ಮೊದಲು ಅವರು ನನ್ನ ಕೈ ನೋಡುತ್ತಾರೆ. "ಇನ್ನೂ ಓಗಿಲ್ವಾ ಡಾಕ್ಟ್ರೆ ನಿಮ್ದು?" ಎಂದು ಮರುಗುತ್ತಾರೆ. ಒಬ್ಬ ರೈತನಂತೂ ನಾನು ಬರೆದುಕೊಟ್ಟ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು, "ಈ ಮುಲಾಮ್ನ ನೀವೂ ಒಸಿ ಅಚ್ಕಳಿ" ಎಂದು ನನಗೇ ಬುದ್ಧಿ ಹೇಳಿ ಹೋಗಿದ್ದ. ಇಂಥವನು ಪರದೇಶಕ್ಕೆ ಹೋದದ್ದು ಡಾಕ್ಟರನಾಗಿ ಅಲ್ಲ, ಹೆಚ್ಚುಕಮ್ಮಿ ಸರಕಾಗಿ.

ನಾನೂ ನನ್ನ ತಂಗಿ ಸುನಂದಳೂ ಅರಕೆರೆಯಲ್ಲಿ ಹುಟ್ಟಿದವರು. ಇಬ್ಬರಿಗೂ ಎಳೆಯ ವಯಸ್ಸಿನಿಂದ ಇಸುಬು. ಮೊಣಕೈ ಮಡಿಕೆ, ಮೊಣಕಾಲ ಹಿಂಭಾಗ, ಕುತ್ತಿಗೆ, ಎಲ್ಲದರಲ್ಲೂ ಸಮಪಾಲು. ಒಂದೇ ಒಂದು ವಿಷಯದಲ್ಲಿ ಪಾಲು ಸರಿಯಾಗಿ ಆಗಿರಲಿಲ್ಲ. ತುಟಿಯ ಅಂಚಿನಲ್ಲಿ ಜ್ವರದ ಗುಳ್ಳೆ ಎಬ್ಬಿಸುವ ವೈರಸ್ ಒಂದಿದೆ. ಹೆಚ್ಚಿನವರಿಗೆ ಅದು ನಾಲ್ಕು ದಿನದ ಕಿರಿಕಿರಿ. ಇಸುಬಿರುವ ಕೆಲವರಿಗೆ ಮಾತ್ರ ಅದು ಬೇಲಿ ಮುರಿದ ಗದ್ದೆಗೆ ದನ ನುಗ್ಗಿದ ಹಾಗೆ ಚರ್ಮದ ತುಂಬ ಹರಡುತ್ತದೆ. ಜ್ವರ ಏರುತ್ತದೆ. ಕಣ್ಣಿಗೆ ಇಳಿದರೆ ದೃಷ್ಟಿಯೇ ಹೋಗಬಹುದು. ಸುನಂದಳಿಗೆ ಎರಡು ಸಲ ಹಾಗೆ ಆಗಿತ್ತು. ಎರಡನೇ ಸಲ ಎಡಗಣ್ಣಿನ ರೆಪ್ಪೆಯ ಪಕ್ಕಕ್ಕೆ ಬಂದು ನಿಂತಿತ್ತು. ಕೆ.ಆರ್. ಪೇಟೆಯ ಗಂಡನ ಮನೆಯಲ್ಲಿ ಕುಳಿತು ಊರವರ ರವಿಕೆ ಹೊಲಿಯುವ ಹೆಂಗಸು ಅವಳು. ಕಣ್ಣು ಹೋದರೆ ಅವಳ ಕೈಯೂ ಹೋದಂತೆ. ನನಗೋ, ಅದೇ ಇಸುಬಿದ್ದರೂ ಆ ಕಾಯಿಲೆ ಒಂದು ಸಲವೂ ಬಂದಿಲ್ಲ. ಅವಳಿಗೇ ಯಾಕೆ, ನನಗೆ ಯಾಕಿಲ್ಲ ಎಂಬ ಪ್ರಶ್ನೆ ನನ್ನ ಇಸುಬಿಗಿಂತ ಹೆಚ್ಚು ಕೆರೆಯುತ್ತಿತ್ತು.

ತೊಂಬತ್ತರ ದಶಕದ ಮಧ್ಯದ ಒಂದು ವರ್ಷ, ಬೆಂಗಳೂರಿನ ಒಂದು ಸಮ್ಮೇಳನದಲ್ಲಿ ಹಾಲೆಂಡಿನ ಪ್ರೊಫೆಸರಮ್ಮ ಒಬ್ಬರು ಸಿಕ್ಕರು. ಮಾರ್ಗ್ರೀಟ್ ಎಂದು ಹೆಸರು. ಇಸುಬಿನವರ ಚರ್ಮದ ಜಿಡ್ಡನ್ನು, ಅಂದರೆ ಲಿಪಿಡ್ಡುಗಳನ್ನು, ಪರೀಕ್ಷೆ ಮಾಡುವುದು ಅವರ ಕೆಲಸ. ಯಾರಿಗೆ ವೈರಸ್ ಹರಡುತ್ತದೆ, ಯಾರಿಗೆ ಇಲ್ಲ ಎಂದು ಮೊದಲೇ ಹೇಳುವ ಗುರುತು ಆ ಜಿಡ್ಡಿನಲ್ಲೇ ಇದೆಯೇ ಎಂದು ಅವರು ಹುಡುಕುತ್ತಿದ್ದರು. ನಾನು ಊಟದ ಸಾಲಿನಲ್ಲಿ ನಿಂತು ನಮ್ಮ ಅಣ್ಣತಂಗಿಯರ ಕಥೆ ಹೇಳಿದೆ. ಅವರು ತಟ್ಟೆ ಪಕ್ಕಕ್ಕಿಟ್ಟು, "ನೀನು ಬಾ. ತಂಗಿಯ ಚರ್ಮವನ್ನೂ ತಗೊಂಡು ಬಾ" ಎಂದರು. ಭಾಷಣ ಮಾಡಲು ಬಂದವರೆಲ್ಲ ಹಾಗೇ ಉಳಿದರು. ಕೆರೆದುಕೊಳ್ಳುತ್ತಾ ನಿಂತಿದ್ದವನಿಗೆ ಆಹ್ವಾನ ಬಂತು.

ಕೆ.ಆರ್. ಪೇಟೆ

ಚರ್ಮ ತೆಗೆದುಕೊಂಡು ಹೋಗುವುದೆಂದರೆ ಗಾಬರಿಯಾಗಬೇಡಿ. ಅಂಟುವ ಟೇಪನ್ನು ಮುಂಗೈ ಮೇಲೆ ಒತ್ತಿ ಕಿತ್ತರೆ ಮೇಲಿನ ಹೊಟ್ಟು ಪದರ ಅದಕ್ಕೆ ಅಂಟಿ ಬರುತ್ತದೆ. ಅದನ್ನು ಸಣ್ಣ ಗಾಜಿನ ಸೀಸೆಯಲ್ಲಿ ಹಾಕಿ ಮುಚ್ಚಿದರೆ ಮುಗಿಯಿತು. ಅದಕ್ಕೆ ಮೊದಲು ಕೆಲವು ದಿನ ಚರ್ಮಕ್ಕೆ ಏನೂ ಹಚ್ಚಿರಬಾರದು. ನಾನು ಸುನಂದಳಿಗೆ, "ನಾನ್ ಬರೋಗಂಟ ಮುಲಾಮು ಮುಟ್ಬೇಡ" ಎಂದು ಮುಂಚೆಯೇ ಹೇಳಿ ಕಳಿಸಿದ್ದೆ. ಅಷ್ಟು ಸಾಕು ಎಂದುಕೊಂಡಿದ್ದೆ.

ನಾನು ಟೇಪು ಕತ್ತರಿಸುತ್ತಿದ್ದಾಗ ಸುನಂದಳ ಅತ್ತೆ ಚಿಕ್ಕತಾಯಮ್ಮ ಬಂದು ಎದುರಿಗೆ ಕುಳಿತರು. ನನಗೂ ವರಸೆಯಲ್ಲಿ ಅತ್ತೆಯೇ.

"ಇದ್ರಲ್ಲಿ ಏನ್ ನೋಡ್ತಾರಪ್ಪ?"

"ಚರ್ಮದಲ್ಲಿ ಎಷ್ಟು ಜಿಡ್ಡದೆ, ಎಂಥ ಜಿಡ್ಡದೆ ಅಂತ ನೋಡ್ತಾರೆ ಅತ್ತೆ."

"ಡೈರೀಲಿ ಆಲ್ಗೆ ಫ್ಯಾಟ್ ನೋಡಂಗಾ?"

"ಅಂಗೇ ಅನ್ಕಳಿ."

"ಅಷ್ಟುಕ್ಕೆ ದೇಸ ಬುಟ್ಟು ಓಗ್ಬೇಕಾ? ನಮ್ಮ ಡೈರಿ ಸೆಕ್ರೆಟ್ರಿ ನೋಡ್ಕೊಡಾಕಿಲ್ವಾ?"

ಟೇಪು ಆ ದಿನ ಯಾಕೋ ಸರಿಯಾಗಿ ಅಂಟುತ್ತಿರಲಿಲ್ಲ. ಸೆಖೆಗೆ ಬೆವರಿರಬೇಕು ಎಂದು ಒರೆಸಿ ಒರೆಸಿ ಒತ್ತಿದೆ. ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಮುಲಾಮು ನಿಲ್ಲಿಸಿದ್ದರೂ ಅವಳ ಕೈ ಎಂದಿಗಿಂತ ಮೆತ್ತಗಿತ್ತು, ನುಣುಪಾಗಿ ಹೊಳೆಯುತ್ತಿತ್ತು. ನನ್ನ ಹಳೆಯ ಚಿಕಿತ್ಸೆ ಈಗ ಫಲ ಕೊಡುತ್ತಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೊರಡುವಾಗ ವೈರಸ್ಸಿನ ಮಾತ್ರೆಗಳನ್ನು ಅವಳ ಕೈಗೆ ಕೊಟ್ಟು, "ಜ್ವರ ಬಂದು ಗುಳ್ಳೆ ಕಂಡ ದಿನವೇ ನುಂಗು, ನನ್ನನ್ನ ಕಾಯಬೇಡ" ಎಂದೆ. ಅತ್ತೆ ಅವನ್ನು ಅವಳ ಕೈಯಿಂದ ತೆಗೆದುಕೊಂಡು ದೇವರ ಪಟದ ಹಿಂದೆ ಇಟ್ಟರು. ಆ ಮನೆಯಲ್ಲಿ ಬೆಲೆಯುಳ್ಳ ವಸ್ತುಗಳೆಲ್ಲ ಇರುವುದು ಅಲ್ಲೇ ಆದ್ದರಿಂದ ನನಗೂ ಸಂತೋಷವಾಯಿತು.

ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣ

ಸುಳ್ಳು ಹೇಳಲು ಬಾರದವನು ವಿಮಾನ ಹತ್ತಬಾರದು. ನನ್ನ ಪೆಟ್ಟಿಗೆ ತೆರೆಸಿದ ಅಧಿಕಾರಿಗೆ ಹಪ್ಪಳದ ಕಟ್ಟು, ಚಟ್ನಿಪುಡಿ ಡಬ್ಬ, ಇವುಗಳ ನಡುವೆ ಗಾಜಿನ ಸೀಸೆಗಳು ಕಂಡವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದೇನು?" ಎಂದ.

"ನನ್ನ ತಂಗಿಯ ಚರ್ಮ" ಎಂದೆ.

ಅವನು ಸೀಸೆಯನ್ನು ಬಹಳ ನಿಧಾನವಾಗಿ ಕೆಳಗಿಟ್ಟ. ಆಮೇಲೆ ನನ್ನನ್ನು ನೋಡಿದ. ಹದಿನಾಲ್ಕು ಗಂಟೆಯ ಒಣ ಗಾಳಿಗೆ ನನ್ನ ಕುತ್ತಿಗೆ ಕೆಂಪೇರಿತ್ತು, ಎರಡೂ ಕೈಯಲ್ಲಿ ಕೆರೆದುಕೊಳ್ಳುತ್ತಿದ್ದೆ. "ತಂಗಿ ಎಲ್ಲಿದ್ದಾಳೆ?" ಎಂದು ಕೇಳಿದ. "ಊರಲ್ಲಿದ್ದಾಳೆ, ಚೆನ್ನಾಗಿದ್ದಾಳೆ" ಎಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಇನ್ನಿಬ್ಬರು ಅಧಿಕಾರಿಗಳು ಬಂದರು. ಮಾರ್ಗ್ರೀಟ್ ಕೊಟ್ಟಿದ್ದ ಪತ್ರ ಪೆಟ್ಟಿಗೆಯ ತಳದಲ್ಲಿ, ಬನಿಯನ್ನುಗಳ ಕೆಳಗಿತ್ತು. ಅದು ಸಿಗುವಷ್ಟರಲ್ಲಿ ನನ್ನ ಒಳ ಉಡುಪೆಲ್ಲ ಹಾಲೆಂಡಿನ ಮೇಜಿನ ಮೇಲೆ ಹರಡಿತ್ತು. ಸೀಸೆಗಳನ್ನು ಬಿಟ್ಟರು. ಹಪ್ಪಳವನ್ನು ಮಾತ್ರ ಅನುಮಾನದಿಂದ ಮೂಸಿ ನೋಡಿ ಒಂದು ಮುರಿದರು.

ಕಾಲುವೆಯ ಊರು

ಮಾರ್ಗ್ರೀಟರ ಊರಿನ ಹೆಸರು ಬರೆಯುವುದಿಲ್ಲ. ಅದರಲ್ಲಿ ಗಂಟಲಿನ ಆಳದಿಂದ ಎಳೆದು ತರಬೇಕಾದ ಒಂದು ಅಕ್ಷರವಿದೆ. ನಾನು ಹೇಳಿದಾಗಲೆಲ್ಲ ಎದುರಿನವರು ಕುಡಿಯಲು ನೀರು ತಂದುಕೊಟ್ಟರು.

ಊರು ನೋಡಿದರೆ ವಿಶ್ವೇಶ್ವರಯ್ಯ ನಾಲೆಯನ್ನು ಯಾರೋ ಮನೆಮನೆ ಮುಂದೆ ಹರಿಸಿದ ಹಾಗಿತ್ತು. ನೀರಿನ ಪಕ್ಕದಲ್ಲಿ ಹುಲ್ಲು, ಹುಲ್ಲಿನ ಮೇಲೆ ಕಪ್ಪು ಬಿಳಿ ಹಸುಗಳು. ನಮ್ಮ ಕಡೆ ಸೀಮೆಹಸು ಎಂದು ಕರೆಯುತ್ತೇವಲ್ಲ, ಅದರ ತವರುಮನೆ ಇದೇ. ಒಂದನ್ನು ಕಂಡು ಅರಕೆರೆಯವನ ಅಭ್ಯಾಸದಂತೆ "ಬಾ, ಬಾ" ಎಂದು ಕೈ ನೀಡಿದೆ. ಅದು ತಲೆ ಎತ್ತದೆ ಮೇಯುತ್ತಲೇ ಇತ್ತು.

ಅಲ್ಲಿಯವರ ಮಾತು ಮಾತ್ರ ನನಗೆ ಊರನ್ನು ನೆನಪಿಸಿತು. ಬೇರೆ ಬಿಳಿಯರ ಹಾಗೆ ನಯ ಬಳಿದು ಮಾತಾಡುವವರಲ್ಲ. ಪ್ರಯೋಗಾಲಯದಲ್ಲಿ ಯಾನ್ ಎಂಬ ಸಹಾಯಕನಿದ್ದ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಉದ್ದ. ಮೊದಲ ದಿನವೇ ನನ್ನ ಕೈ ನೋಡಿ, "ನಿನ್ನ ಚರ್ಮ ಬಹಳ ಕೆಟ್ಟದಾಗಿದೆ. ನೀನು ನಿಜವಾಗಿ ಚರ್ಮದ ಡಾಕ್ಟರಾ?" ಎಂದ. ಪಾಂಡವಪುರದ ಕ್ಲಿನಿಕ್ಕಿನಲ್ಲೇ ಕುಳಿತ ಹಾಗಾಯಿತು. ಮಧ್ಯಾಹ್ನ ಅವರು ತಣ್ಣನೆಯ ಬ್ರೆಡ್ಡಿನ ಜೊತೆ ದೊಡ್ಡ ಲೋಟದಲ್ಲಿ ಮಜ್ಜಿಗೆ ಕುಡಿಯುತ್ತಾರೆ. ಅದನ್ನು ಕಂಡು ನನ್ನ ಕಣ್ಣು ತುಂಬಿತು. ಚಟ್ನಿಪುಡಿ ಉದುರಿಸಿಕೊಂಡು ಮೂರು ಲೋಟ ಕುಡಿದೆ. ಯಾನ್ ತನಗೂ ಉದುರಿಸಿಕೊಂಡ, ಕೆಮ್ಮಿದ, ಈ ಸಲ ನೀರು ತಂದುಕೊಡುವ ಸರದಿ ನನ್ನದಾಯಿತು.

ಕಾಫಿಯ ಹೊತ್ತಿನ ಪದ್ಧತಿ ಒಂದು ನನಗೆ ಕೊನೆವರೆಗೂ ಒಗ್ಗಲಿಲ್ಲ. ಬಿಸ್ಕತ್ತಿನ ಡಬ್ಬ ಸುತ್ತು ಬರುತ್ತದೆ. ಒಬ್ಬೊಬ್ಬರೂ ಒಂದು ತೆಗೆದುಕೊಳ್ಳುತ್ತಾರೆ, ಡಬ್ಬ ಮುಚ್ಚುತ್ತಾರೆ. ನಮ್ಮ ಕಡೆ ಮೊದಲು ಬೇಡ ಅನ್ನಬೇಕು, ಬಲವಂತ ಮಾಡಿಸಿಕೊಳ್ಳಬೇಕು, ಆಮೇಲೆ ನಾಲ್ಕು ತಿನ್ನಬೇಕು. ನಾನು ಮರ್ಯಾದೆಗೆ ಬೇಡ ಎಂದೆ. ಡಬ್ಬ ಮುಂದೆ ಹೋಯಿತು. ಮೊದಲ ವಾರವೆಲ್ಲ ಬಿಸ್ಕತ್ತಿಲ್ಲದೆ ಕಳೆದೆ.

ಕೇಕಿನ ದಿನ

ಅಲ್ಲಿನ ಕೆಲಸ ಹೀಗೆ. ಟೇಪನ್ನು ದ್ರಾವಣದಲ್ಲಿ ನೆನೆಸಿ ಜಿಡ್ಡು ಬಿಡಿಸುತ್ತಾರೆ. ಬಿಳಿ ಪುಡಿ ಬಳಿದ ಗಾಜಿನ ಹಲಗೆಯ ಕೆಳಗಂಚಿಗೆ ಆ ಜಿಡ್ಡಿನ ಹನಿ ಇಟ್ಟು, ಹಲಗೆಯನ್ನು ಇನ್ನೊಂದು ದ್ರಾವಣದಲ್ಲಿ ನಿಲ್ಲಿಸುತ್ತಾರೆ. ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ದ್ರಾವಣ ಮೇಲೇರುತ್ತದೆ. ಜೊತೆಗೆ ಜಿಡ್ಡುಗಳೂ ಏರಿ, ಒಂದೊಂದು ಬಗೆಯದು ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ. ಆಮೇಲೆ ಹಲಗೆ ಕಾಯಿಸಿದರೆ ನಿಂತ ಕಡೆಯೆಲ್ಲ ಕಪ್ಪು ಗೆರೆ.

ನನ್ನದೂ ಸುನಂದಳದೂ ಒಂದೇ ಹಲಗೆಯಲ್ಲಿ ಪಕ್ಕಪಕ್ಕ ಏರಿದವು. ಯಾನ್ ಹಲಗೆಯನ್ನು ಒಲೆಯಿಂದ ತೆಗೆದು ಬೆಳಕಿಗೆ ಹಿಡಿದ. ಸುನಂದಳ ಸಾಲಿನ ನಡುವೆ ದಪ್ಪನೆಯ ಕಪ್ಪು ಗೆರೆ ಇತ್ತು. ನನ್ನ ಸಾಲಿನಲ್ಲಿ ಅಲ್ಲಿ ಏನೂ ಇಲ್ಲ. ಅವರು ನೋಡಿದ್ದ ಯಾವ ಚರ್ಮದಲ್ಲೂ ಆ ಎತ್ತರದಲ್ಲಿ ಅಂಥ ಗೆರೆ ಇರಲಿಲ್ಲವಂತೆ. ಮಾರ್ಗ್ರೀಟ್ ಬಂದರು, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಇದೇ ಆ ಗುರುತು ಇರಬಹುದು" ಎಂದರು.

ಆಗ ನನ್ನ ತಲೆ ಎಲ್ಲಿತ್ತು ಎಂದು ಹೇಳಿಕೊಳ್ಳಲು ನಾಚಿಕೆ. ಆ ಗೆರೆಗೆ ನಮ್ಮೂರ ಹೆಸರಿಡಿಸಬೇಕು ಎಂದುಕೊಂಡೆ. ಅರಕೆರೆ ಲಿಪಿಡ್. ಮಂಡ್ಯದಲ್ಲಿ ಸನ್ಮಾನ, ಮೈಸೂರು ಪೇಟ, ಹಾರ, ಶಾಲು. ಶಾಲು ಉಣ್ಣೆಯದಾದರೆ ನನಗೆ ಕೆರೆಯುತ್ತದೆ, ರೇಷ್ಮೆಯದೇ ಹೊದಿಸಿ ಎಂದು ಮೊದಲೇ ಹೇಳಬೇಕು ಎಂಬಲ್ಲಿಗೂ ಹೋಗಿತ್ತು ಯೋಚನೆ.

ಆ ದೇಶದಲ್ಲಿ ಹುಟ್ಟುಹಬ್ಬವಾದರೂ ಸರಿ, ಇನ್ನೇನಾದರೂ ಸರಿ, ಸಂತೋಷ ಯಾರದೋ ಅವರೇ ಉಳಿದವರಿಗೆ ಕೇಕು ತರಬೇಕು. ತಂಗಿ ನನ್ನವಳು, ಆದ್ದರಿಂದ ಸಂತೋಷವೂ ನನ್ನದು. ಬೇಕರಿಗೆ ಓಡಿ ಕೆನೆ ತುಂಬಿದ ಕೇಕು ತಂದೆ. ಎಲ್ಲರೂ ಸಾಲಾಗಿ ಬಂದು ನನ್ನ ಕೈ ಕುಲುಕಿ, "ತಂಗಿಗೆ ಅಭಿನಂದನೆ" ಎಂದರು. ಕಾಯಿಲೆಯವಳಿಗೆ ಅಭಿನಂದನೆಯೇ ಎಂದು ಒಂದು ಕ್ಷಣ ಕಸಿವಿಸಿಯಾಯಿತು. ಕೇಕು ಚೆನ್ನಾಗಿತ್ತು, ಕಸಿವಿಸಿ ಹೋಯಿತು. ತುಂಡು ಮುಗಿಸಿ ಮಾರ್ಗ್ರೀಟ್, "ಅವಳಿಗೆ ಫೋನು ಮಾಡು. ಏನು ತಿನ್ನುತ್ತಾಳೆ, ಯಾವ ಸೋಪು, ಎಲ್ಲ ಕೇಳು. ಪ್ರಬಂಧ ಬರೆಯುವ ಮುಂಚೆ ಗೊತ್ತಿರಬೇಕು" ಎಂದರು.

ಮಾರ್ಗ್ರೀಟರ ಕೋಣೆ

ಸುನಂದಳ ಮನೆಯಲ್ಲಿ ಫೋನಿರಲಿಲ್ಲ. ಅವರ ಮನೆ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿತ್ತು. ಅಂಗಡಿ ಖಾದರ್ ಸಾಬರದು. ಮಾರನೆಯ ಬೆಳಿಗ್ಗೆ ಮಾರ್ಗ್ರೀಟರ ಮೇಜಿನಿಂದ ಫೋನು ಹಚ್ಚಿದೆ. ಊರಲ್ಲಿ ಮಧ್ಯಾಹ್ನ.

"ತಂಗೀನ ಒಸಿ ಕರೀರಿ ಸಾಬ್ರೆ."

"ಅವ್ರು ಬರಂಗಿಲ್ವಲ್ಲ ಡಾಕ್ಟ್ರೆ" ಎಂದರು ಖಾದರ್ ಸಾಬ್. "ಮನೇಲಿ ಅಮ್ಮ ಆಗದಂತೆ. ಬಾಗ್ಲಿಗೆ ಬೇವು ಕಟ್ಟವ್ರೆ. ನಿನ್ನೆಯಿಂದ ಜ್ವರ."

ನಮ್ಮ ಕಡೆ ಮೈಮೇಲೆ ಗುಳ್ಳೆ ಎದ್ದು ಜ್ವರ ಬಂದರೆ ಅದು ಅಮ್ಮ, ಮಾರಮ್ಮ ತಾಯಿ ಮೈಗೆ ಬಂದದ್ದು. ಆ ಮನೆಗೆ ಔಷಧಿ ಹೋಗುವಂತಿಲ್ಲ, ಕಾಯಿಲೆಯವರು ಹೊರಗೆ ಬರುವಂತಿಲ್ಲ. ಸುನಂದಳಿಗೆ ಆಗಿರುವುದು ಏನೆಂದು ನನಗೆ ಗೊತ್ತಿತ್ತು. ಮೂರನೇ ಸಲ. "ಅತ್ತೇನ ಕರೀರಿ, ಬೇಗ" ಎಂದು ಕಿರುಚಿದೆ.

ಚಿಕ್ಕತಾಯಮ್ಮ ಹಾಲೆಂಡಿಗೆ ಫೋನಿಲ್ಲದೆಯೂ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡಿದರು. "ಊಂ ಕಣಪ್ಪ, ಮಖದ ಮ್ಯಾಲೆ ಎದ್ದದೆ. ಎಡಗಣ್ಣು ಊದ್ಕಂಡು ಮುಚ್ಕಬುಟ್ಟದೆ."

"ನಾನ್ ಕೊಟ್ಟಿದ್ದ ಮಾತ್ರೆ?"

"ಪಟದ ಇಂದೆ ಅದೆ."

"ಈಗ್ಲೇ ಕೊಡಿ ಅತ್ತೆ."

"ಅಮ್ಮ ಇರೋ ಮನೇಲಿ ಮಾತ್ರೆಯಾ? ತಾಯಿ ಮುನುಸ್ಕಂಡು ಕಣ್ಣು ಕಿತ್ಕಂಡ್ರೆ ನೀನ್ ಬಂದು ಕೊಟ್ಟೀಯಾ?"

ನಾನು ಪಾಠ ಶುರು ಮಾಡಿದೆ. ಇದು ಅಮ್ಮ ಅಲ್ಲ, ವೈರಸ್ಸು, ಚರ್ಮದ ಜಿಡ್ಡು ಕಮ್ಮಿಯಾಗಿ ಒಳಗೆ ನುಗ್ಗುತ್ತದೆ, ಎಂದು ಬೆವರು ಸುರಿಸುತ್ತಾ ವಿವರಿಸಿದೆ. ಆ ಕಡೆಯಿಂದ, "ನಿಂಗೆ ಮದ್ದು ಕೊಟ್ಟು ಕೊಟ್ಟು ಬಾಯಿ ಅಂಗೇ ಬಿದ್ದೋಗದೆ" ಎಂದು ಉತ್ತರ ಬಂತು. ಆಮೇಲೆ ಅವರ ದನಿ ಒಡೆಯಿತು. "ನಂಗೇನು ಸೊಸೆ ಕಣ್ಣು ಬ್ಯಾಡ್ವಾ? ರಾತ್ರಿಯೆಲ್ಲ ಬೀಸಣಿಗೆ ಬೀಸ್ತಾ ಕುಂತಿವ್ನಿ ಕಣೋ. ನಾನ್ ಮಾಡೋದ್ನೆಲ್ಲ ಮಾಡಿವ್ನಿ. ಬೇವು, ಅರಿಸ್ನ. ಎಣ್ಣೆ ಒಂದು ತೊಟ್ಟು ಸೋಕ್ಸಿಲ್ಲ. ನೀನು ಬಂದಿದ್ ದಿನ ಕೈಗೆ ಅರಳೆಣ್ಣೆ ಅಚ್ಕಂಡಿದ್ಲಲ್ಲ, ಅದೇ ಕೊನೆ."

"ಏನಚ್ಕಂಡಿದ್ಲು?"

"ಅರಳೆಣ್ಣೆ. ಕೈಯೆಲ್ಲ ಬಿರ್ಕು ಬುಟ್ಟಿತ್ತು. ಅಣ್ಣ ನೋಡುದ್ರೆ ನೊಂದ್ಕತಾನೆ ಅಂತ ಮೂರು ದಿನ ಬೆಳುಗ್ಗೆ ಸಂಜೆ ತಿಕ್ಕಂಡ್ಲು. ಮುಲಾಮು ಬ್ಯಾಡ ಅಂದಿದ್ದೆ ನೀನು, ಮುಟ್ಟಿಲ್ಲ ಬುಡು."

ಹರಳೆಣ್ಣೆ ಮುಲಾಮಲ್ಲ. ನಮ್ಮ ಮನೆಗಳಲ್ಲಿ ಅದು ಹಚ್ಚಿಕೊಂಡದ್ದು ಎಂಬ ಲೆಕ್ಕಕ್ಕೇ ಬರುವುದಿಲ್ಲ. ಅದೇ ಎಣ್ಣೆಯಲ್ಲಿ ಮೀಯಿಸಿಕೊಂಡು ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಪ್ರಪಂಚಕ್ಕೆ ಹೊಸದಾದ ಅರಕೆರೆ ಲಿಪಿಡ್ಡು ಬಚ್ಚಲುಮನೆಯ ಗೂಡಿನಲ್ಲಿ ಬಾಟಲಿಯಲ್ಲಿತ್ತು. ನೋಡಿ, ಬೇಸರ ಪಡಲೂ ಆಗ ಪುರುಸೊತ್ತಿರಲಿಲ್ಲ. ನಾನು ನೊಂದುಕೊಳ್ಳಬಾರದೆಂದು ಅವಳು ಕೈಗೆ ಎಣ್ಣೆ ತಿಕ್ಕಿಕೊಂಡು ಕಾದಿದ್ದಳು ಎನ್ನುವುದೊಂದೇ ಎದೆಗೆ ನಾಟಿತ್ತು.

"ಅತ್ತೆ, ಕೇಳಿ" ಎಂದೆ. "ತಾಯಿ ಸಿಟ್ಟು ನನ್ ತಲೆ ಮ್ಯಾಲಿರ್ಲಿ. ಊರಿಗೆ ಬಂದ ತಕ್ಷಣ ಮಾರಮ್ಮನಿಗೆ ನಾನೇ ತಂಪು ಮಾಡುಸ್ತೀನಿ. ತಂಬಿಟ್ಟು, ಮೊಸರನ್ನ ನಾನೇ ತಲೆ ಮ್ಯಾಲೆ ಒತ್ಕಂಡು ಬತ್ತೀನಿ. ಮಾತ್ರೆ ಕೊಡಿ."

"ನೀನಾ? ಗುಡಿ ಮೆಟ್ಲು ಅತ್ತದೋನು?"

"ನಾನೇ."

"ತಾಯಾಣೆಗೂ?"

"ತಾಯಾಣೆಗೂ. ಬರೀ ಕಾಲಲ್ಲಿ."

ಆಮೇಲೆ, "ಸಾಬ್ರೆ, ಆ ಮಾತ್ರೆ ಎಂಗ್ ಕೊಡದು ಅಂತ ಕೇಳ್ಕಳಿ" ಎಂಬ ದನಿ ಕೇಳಿತು. ಖಾದರ್ ಸಾಬರಿಗೆ ದಿನಕ್ಕೆ ಐದು ಸಲ ಎಂದು ಹೇಳಿ, ಮರೆಯಬಾರದು ಎಂದು ಒತ್ತಿ ಒತ್ತಿ ಹೇಳಿದೆ. "ಐದೊತ್ತು ತಾನೆ? ಫಿಕರ್ ಮಾಡ್ಬೇಡಿ ಡಾಕ್ಟ್ರೆ" ಎಂದರು ಅವರು. "ನಮಾಜಿಗೆ ಎದ್ದಾಗೆಲ್ಲ ಆ ಮನೆ ಬಾಗ್ಲು ಬಡೀತೀನಿ. ಮೈಸೂರಿಗೆ ಕಣ್ಣಿನ ಡಾಕ್ಟ್ರ ತಾವ್ಕೂ ನಾನೇ ಕಾರ್ ಮಾಡ್ಕಂಡ್ ಕರ್ಕ ಓಯ್ತೀನಿ."

ಫೋನಿಟ್ಟು ತಿರುಗಿದರೆ ಮಾರ್ಗ್ರೀಟ್ ಬಾಗಿಲಲ್ಲಿ ನಿಂತಿದ್ದರು. ನಾನು ಯಾರ ಜೊತೆಗೋ ಜಗಳವಾಡುತ್ತಿದ್ದೇನೆ ಎಂದುಕೊಂಡಿದ್ದರಂತೆ. ಎಲ್ಲವನ್ನೂ ಹೇಳಿದೆ, ಹರಳೆಣ್ಣೆಯನ್ನೂ. ಅವರು ನನ್ನನ್ನೇ ನೋಡುತ್ತಾ, "ಹಾಗಾದರೆ ನಿನ್ನೆ ನಾವು ತಿಂದದ್ದು ಎಣ್ಣೆಗೆ ಹುಟ್ಟುಹಬ್ಬದ ಕೇಕು" ಎಂದರು. ಯಾನ್ ಔಷಧಿ ಅಂಗಡಿಯಿಂದ ಹರಳೆಣ್ಣೆ ತಂದು ಹಲಗೆಯ ಮೇಲೆ ಏರಿಸಿದ. ಗೆರೆ ಅಲ್ಲೇ, ಅದೇ ಎತ್ತರಕ್ಕೆ ನಿಂತಿತು. ಆ ಗೆರೆ ಬಿಟ್ಟು ನೋಡಿದರೆ ನನ್ನ ಸಾಲಿಗೂ ಸುನಂದಳ ಸಾಲಿಗೂ ಯಾವ ವ್ಯತ್ಯಾಸವೂ ಕಾಣಲಿಲ್ಲ.

"ಮತ್ತೆ ಅವಳಿಗೇ ಯಾಕೆ?" ಎಂದು ಕೇಳಿದೆ. ನನ್ನ ದನಿ ನನಗೇ ಎಳೆ ಹುಡುಗನದರ ಹಾಗೆ ಕೇಳಿಸಿತು.

"ಗೊತ್ತಿಲ್ಲ" ಎಂದರು ಮಾರ್ಗ್ರೀಟ್. "ನಿಮ್ಮಿಬ್ಬರಿಂದ ಗೊತ್ತಾಗುವುದೂ ಇಲ್ಲ. ಬಹಳ ಜನರ ಚರ್ಮ ಬೇಕು, ಬಹಳ ವರ್ಷ ಬೇಕು. ನಿನ್ನ ತಂಗಿಗೆ ಇವತ್ತು ಬೇಕಾದದ್ದು ಮಾತ್ರೆ. ಅದನ್ನು ಕೊಡಿಸಿದೆಯಲ್ಲ."

ಭಾನುವಾರ

ಆಮೇಲಿನ ದಿನಗಳಲ್ಲಿ ನಾನು ಯಾವ ಕೆಲಸಕ್ಕೂ ಬಾರದವನಾಗಿದ್ದೆ. ಸೈಕಲ್ ದಾರಿಯ ನಡುವೆ ನಡೆದು ಬೈಸಿಕೊಂಡೆ. ಬೈದದ್ದು ಅರ್ಥವಾಗದೆ ಧನ್ಯವಾದ ಹೇಳಿದೆ. ಪ್ರತಿದಿನ ಫೋನು ಮಾಡಿದರೆ ಖಾದರ್ ಸಾಬರು, ಜ್ವರ ಇಳಿಯಿತು, ಗುಳ್ಳೆ ಒಣಗುತ್ತಿದೆ, ಮೈಸೂರಿನ ಡಾಕ್ಟರು ಹನಿ ಕೊಟ್ಟಿದ್ದಾರೆ ಎನ್ನುತ್ತಿದ್ದರು. ಕಣ್ಣು ಉಳಿಯುತ್ತದೆಯೇ ಎಂದರೆ, ಊತ ಇಳಿದು ರೆಪ್ಪೆ ಬಿಡುವವರೆಗೂ ಪೂರ್ತಿ ಹೇಳಲಾಗದು ಎಂದರಂತೆ.

ಭಾನುವಾರ ಪ್ರಯೋಗಾಲಯಕ್ಕೆ ಬೀಗ. ಮಾರ್ಗ್ರೀಟ್ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಫೋನಿನ ಮುಂದೆ ಕೂರಿಸಿದರು. ಆ ಊರಿನ ಮನೆಗಳ ಕಿಟಕಿಗೆ ಪರದೆ ಹಾಕುವುದಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ನನ್ನನ್ನು ನೋಡುತ್ತಾ ಹೋದರು. ಮಾರ್ಗ್ರೀಟ್ ಬಿಸ್ಕತ್ತಿನ ಡಬ್ಬವನ್ನು ನನ್ನ ಪಕ್ಕದಲ್ಲಿ ತೆರೆದಿಟ್ಟು ಮುಚ್ಚದೆ ಹೋದರು. ಒಂದನ್ನೂ ಮುಟ್ಟಲು ನನ್ನಿಂದ ಆಗಲಿಲ್ಲ.

ಈ ಸಲ ಫೋನಿಗೆ ಬಂದವಳು ಸುನಂದಳೇ.

"ಅಣ್ಣ, ಇವತ್ತು ಬೆಳುಗ್ಗೆ ರೆಪ್ಪೆ ಬುಡ್ತು."

"ಕಾಣ್ತದಾ?"

"ಕಂಡಂಗೆ ಅದೆ."

ಈ ಮಾತಿಗೆ ಏನು ಅರ್ಥ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. "ಬಲಗಣ್ಣಿಗೆ ಅಂಗೈ ಇಟ್ಟು ಪೂರ್ತಿ ಮುಚ್ಚು. ಮುಚ್ಚಿದ್ಯಾ? ಈಗ ಎದುರ್ಗೆ ಏನದೆ ಏಳು."

"ಅಂಗ್ಡಿ ಮುಂದ್ಕೇ ಬಸ್ಸು ಬಂದು ನಿಂತದೆ."

"ಬಸ್ಸಿನ ಸದ್ದು ನಂಗೂ ಕೇಳುಸ್ತದೆ. ಬೋರ್ಡು ಓದು."

"ನಾಗಮಂಗಲ. ಕೆಳ್ಗೆ ಬೆಳ್ಳೂರು ಕ್ರಾಸು."

"ಅದು ದಿನಾ ಬರೋ ಬಸ್ಸು ಕಣವ್ವ, ನಿಂಗೆ ಬಾಯಿಪಾಠ. ಬ್ಯಾರೆ ಏನಾರ ಏಳು. ಸಣ್ಣದೇನಾರ."

ಬಸ್ಸು ಗುರುಗುಟ್ಟುತ್ತಿತ್ತು. ಕಂಡಕ್ಟರು ಯಾರನ್ನೋ ಬೇಗ ಹತ್ತಲು ಕೂಗುತ್ತಿದ್ದ.

"ಕಿಟ್ಕೀಲಿ ಒಬ್ಳು ಎಂಗ್ಸು ಕುಂತವ್ಳೆ ಅಣ್ಣ" ಎಂದಳು ನಿಧಾನವಾಗಿ. "ಅಸ್ರು ರವ್ಕೆ. ತೋಳಿನ ಅಂಚಲ್ಲಿ ಹೊಲ್ಗೆ ಸೊಟ್ಟ ಓಗದೆ. ದಾರಾನೂ ಬ್ಯಾರೆ ಬಣ್ಣದ್ದು ಆಕವ್ರೆ. ಯಾರ್ ಹೊಲ್ದವ್ರೋ ಏನೋ, ನಾನಾಗಿದ್ರೆ ಬಿಚ್ಚಿ ಹೊಲ್ದಿರೋಳು. ಅಣ್ಣ? ಲೈನಲ್ಲಿದ್ದೀಯಾ? ಅಣ್ಣ, ಕೇಳುಸ್ತಾ?"

ಕೇಳಿಸುತ್ತಿತ್ತು. ಡಬ್ಬದಿಂದ ಒಂದು ಬಿಸ್ಕತ್ತು ತೆಗೆದು ಬಾಯಿಗೆ ಹಾಕಿಕೊಂಡೆ, ಆಮೇಲೆ ಇನ್ನೊಂದು.